ಯೂನಿವರ್ಸಿಟಿ ಸಿಬ್ಬಂದಿ ನೆಮ್ಮದಿಯಾಗಿರಬೇಕಾ? ಮೊದಲು ಕೆಲಸವನ್ನು ಸರಿಮಾಡಿ

ಪರೀಕ್ಷಾ ವಿಭಾಗದಲ್ಲಿ ಫಲಿತಾಂಶದ ಕೆಲಸ ಭರದಿಂದ ನಡೆಯುತ್ತಿತ್ತು. ಅದೇ ವಾರ ಒಂದು ಸುತ್ತೋಲೆ ಬಂತು: ಶನಿವಾರ ಇಡೀ ದಿನ ಒತ್ತಡ ನಿರ್ವಹಣೆ ಕಾರ್ಯಾಗಾರ, ಹಾಜರಿ ಕಡ್ಡಾಯ. ನಾನು ಆಗ ಅದೇ ವಿಶ್ವವಿದ್ಯಾಲಯದ ಬೇರೊಂದು ವಿಭಾಗದಲ್ಲಿದ್ದೆ. ಕಾರ್ಯಾಗಾರ ಚೆನ್ನಾಗಿಯೇ ಇತ್ತು, ನಡೆಸಿಕೊಟ್ಟವರೂ ಒಳ್ಳೆಯವರು. ಆದರೆ ಮಧ್ಯಾಹ್ನದ ಬಿಡುವಿನಲ್ಲಿ ಪರೀಕ್ಷಾ ವಿಭಾಗದ ಒಬ್ಬರು ಮೂಲೆಯಲ್ಲಿ ನಿಂತು ಅಂಕಪಟ್ಟಿ ತಿದ್ದುವ ವಿಚಾರವನ್ನು ಫೋನಿನಲ್ಲಿ ಮಾತಾಡುತ್ತಿದ್ದರು, ಕಣ್ಣಲ್ಲಿ ನೀರಿತ್ತು. ಆ ಶನಿವಾರದ ಕೆಲಸವೆಲ್ಲ ಭಾನುವಾರಕ್ಕೆ ಬಿದ್ದಿತ್ತು. ಅವರಿಗೆ ಬೇಕಿದ್ದದ್ದು ಇನ್ನಿಬ್ಬರು ಜನ ಮತ್ತು ನಾಲ್ಕು ದಿನ ಹೆಚ್ಚು ಗಡುವು. ಸಿಕ್ಕಿದ್ದು ಉಸಿರಾಟದ ಪಾಠ.

ಅವತ್ತಿನಿಂದ ನನಗೆ ಈ ವಿಷಯದಲ್ಲಿ ಒಂದೇ ಮಾತು. ಸಿಬ್ಬಂದಿಯ ನೆಮ್ಮದಿ ಕೆಡುವುದು ಬಹುತೇಕ ಕೆಲಸದ ರೀತಿಯಿಂದ, ಹಾಗಾಗಿ ರಿಪೇರಿ ಶುರುವಾಗಬೇಕಾದದ್ದೂ ಕೆಲಸದಿಂದಲೇ. ನೀವು ವಿಭಾಗದ ಮುಖ್ಯಸ್ಥರಿರಬಹುದು, ಕುಲಸಚಿವರ ಕಚೇರಿಯಲ್ಲಿರಬಹುದು, ಗ್ರಂಥಾಲಯದಲ್ಲಿ ನಾಲ್ಕು ಜನರ ತಂಡ ನೋಡಿಕೊಳ್ಳುತ್ತಿರಬಹುದು. ನಿಮ್ಮ ಕೈಯಲ್ಲಿ ಎಷ್ಟು ಅಧಿಕಾರ ಇದೆಯೋ ಅಷ್ಟರಲ್ಲೇ ಮಾಡಬಹುದಾದ್ದನ್ನು ಇಲ್ಲಿ ಬರೆದಿದ್ದೇನೆ.

ಇದು ಬರೀ ನನ್ನ ಅನಿಸಿಕೆ ಅಲ್ಲ. 2016ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಸುಮಾರು 5,000 ನೌಕರರನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿದರು. ಒಂದಷ್ಟು ಜನರಿಗೆ ಆರೋಗ್ಯ ತಪಾಸಣೆ, ತರಗತಿಗಳು, ಭಾಗವಹಿಸಿದ್ದಕ್ಕೆ ಹಣ ಎಲ್ಲ ಸಿಕ್ಕಿತು. ಉಳಿದವರಿಗೆ ಇಲ್ಲ. ಕೊನೆಗೆ ಎರಡೂ ಗುಂಪನ್ನು ಹೋಲಿಸಿದಾಗ ಚಿಕಿತ್ಸೆಯ ಖರ್ಚಿನಲ್ಲಿ, ದಿನನಿತ್ಯದ ಅಭ್ಯಾಸದಲ್ಲಿ, ಕೆಲಸದ ಸಾಮರ್ಥ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಸಂಗತಿಯೂ ಗೊತ್ತಾಯಿತು. ಅವಕಾಶ ಸಿಕ್ಕವರಲ್ಲಿ ಉತ್ಸಾಹದಿಂದ ಬಂದವರು ಮೊದಲಿನಿಂದಲೂ ಆರೋಗ್ಯವಾಗಿದ್ದವರು. ಅಂದರೆ ಯಾರಿಗೆ ನಿಜವಾಗಿ ಬೇಕಿತ್ತೋ ಅವರನ್ನು ಅದು ಅಷ್ಟಾಗಿ ಮುಟ್ಟಲೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಕೂಡ 2019ರಲ್ಲಿ ಬರ್ನೌಟ್ ಎಂಬುದನ್ನು ವಿವರಿಸುವಾಗ ಅದನ್ನು ಕಾಯಿಲೆ ಎನ್ನಲಿಲ್ಲ. ಕೆಲಸದ ಜಾಗದ ಒತ್ತಡ ಬಹಳ ಕಾಲ ಇದ್ದು, ಅದನ್ನು ಸರಿಯಾಗಿ ನಿಭಾಯಿಸದೇ ಹೋದಾಗ ಬರುವ ಸ್ಥಿತಿ ಎಂದಿತು. ಅದಕ್ಕೆ ಮೂರು ಲಕ್ಷಣ: ಮೈಮನಸ್ಸು ಪೂರ್ತಿ ಬಳಲಿ ಹೋಗುವುದು, ಕೆಲಸದಿಂದ ಮನಸ್ಸು ದೂರವಾಗಿ ಅದರ ಬಗ್ಗೆ ಕಹಿ ತುಂಬಿಕೊಳ್ಳುವುದು, 'ನನ್ನಿಂದ ಏನೂ ಆಗುತ್ತಿಲ್ಲ' ಅನ್ನಿಸುವುದು. ಇದನ್ನು ಓದುತ್ತಾ ನಿಮ್ಮ ವಿಭಾಗದ ಒಂದಿಬ್ಬರ ಮುಖ ಕಣ್ಮುಂದೆ ಬಂತು ಅಲ್ವಾ?

ಮೊದಲು ಕೇಳಿ, ಆದರೆ ಸರಿಯಾಗಿ ಕೇಳಿ

ಅರವತ್ತು ಪ್ರಶ್ನೆಯ ಸಮೀಕ್ಷೆ ಕಳಿಸಬೇಡಿ. ಅದಕ್ಕೆ ಉತ್ತರಿಸುವುದೂ ಒಂದು ಕೆಲಸವೇ. ಐದಾರು ಜನರ ಚಿಕ್ಕ ಗುಂಪಿನ ಜೊತೆ ಮುಕ್ಕಾಲು ಗಂಟೆ ಕೂತುಕೊಳ್ಳಿ, ಕೆಲಸದ ವೇಳೆಯಲ್ಲೇ. ಎರಡು ಪ್ರಶ್ನೆ ಸಾಕು. 'ಹೋದ ತಿಂಗಳು ನಿಮ್ಮ ಸಮಯವನ್ನು ಸುಮ್ನೆ ತಿಂದುಹಾಕಿದ್ದು ಯಾವುದು?' ಮತ್ತು 'ಇತ್ತೀಚೆಗೆ ಯಾವ ದಿನ ಖುಷಿಯಿಂದ ಮನೆಗೆ ಹೋದಿರಿ, ಅವತ್ತು ಏನಾಗಿತ್ತು?' ಮೊದಲನೆಯದಕ್ಕೆ ಉತ್ತರ ತಕ್ಷಣ ಬರುತ್ತದೆ. ಎರಡನೆಯದಕ್ಕೆ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಕಾಯಿರಿ. ಉಪಯೋಗಕ್ಕೆ ಬರುವ ಮಾತು ಆಮೇಲೆ ಬರುತ್ತದೆ.

ಕೇಳುವವರು ಅವರ ನೇರ ಮೇಲಧಿಕಾರಿ ಆಗಿರಬಾರದು. ಇದನ್ನು ಮರೆತರೆ 'ಎಲ್ಲ ಚೆನ್ನಾಗಿದೆ ಸರ್' ಎಂಬ ಉತ್ತರವಷ್ಟೇ ಸಿಗುತ್ತದೆ. ಪಕ್ಕದ ವಿಭಾಗದ ಯಾರನ್ನಾದರೂ ಕೇಳಿಕೊಳ್ಳಿ, ನೀವು ಅವರ ವಿಭಾಗಕ್ಕೆ ಹೋಗಿ. ಇನ್ನು ಹೆಸರು ಬೇಡ ಎಂದು ಬರೆಸಿಕೊಂಡರೂ ನಾಲ್ಕೇ ಜನರ ಕಚೇರಿಯಲ್ಲಿ ಯಾರು ಏನು ಬರೆದರು ಎಂದು ಎಲ್ಲರಿಗೂ ತಿಳಿಯುತ್ತದೆ. ಅಂಥ ಕಡೆ ಎರಡು ಮೂರು ವಿಭಾಗಗಳ ಉತ್ತರಗಳನ್ನು ಸೇರಿಸಿಯೇ ನೋಡಿ.

ಬಂದ ಉತ್ತರಗಳನ್ನು ವಿಂಗಡಿಸಲು ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಎಂಬ ಮನಶ್ಶಾಸ್ತ್ರಜ್ಞರು ಗುರುತಿಸಿದ ಆರು ಜಾಗಗಳು ಚೆನ್ನಾಗಿ ಒದಗುತ್ತವೆ. ಕೆಲಸದ ಹೊರೆ, ಕೆಲಸದ ಮೇಲೆ ಇರುವ ಹಿಡಿತ, ಸಿಗುವ ಪ್ರತಿಫಲ ಮತ್ತು ಮನ್ನಣೆ, ಜೊತೆಗಾರರ ಒಡನಾಟ, ನ್ಯಾಯ, ಮತ್ತು ನಾವು ನಂಬಿದ್ದಕ್ಕೂ ಮಾಡುತ್ತಿರುವುದಕ್ಕೂ ಇರುವ ಹೊಂದಾಣಿಕೆ. ಒಂದು ಕಾಗದದಲ್ಲಿ ಆರು ಚೌಕ ಹಾಕಿ ಪ್ರತಿ ಮಾತನ್ನೂ ಅದರದರ ಜಾಗದಲ್ಲಿ ಬರೆಯುತ್ತಾ ಹೋಗಿ. ಯಾವ ಚೌಕ ತುಂಬಿ ತುಳುಕುತ್ತದೋ ಅಲ್ಲಿಂದ ಶುರು ಮಾಡಿ. ನಾನು ನೋಡಿದ ಮಟ್ಟಿಗೆ ಜನ ಹೊರೆಯಿಂದ ಮಾತು ಶುರು ಮಾಡುತ್ತಾರೆ. ಆದರೆ ಧ್ವನಿ ನಡುಗುವುದು ನ್ಯಾಯದ ವಿಷಯ ಬಂದಾಗ.

ಕೇಳಿದ ಮೇಲೆ ಎರಡು ವಾರದೊಳಗೆ ಉತ್ತರ ಕೊಡಿ. ಇದನ್ನು ಮಾಡುತ್ತೇವೆ, ಇದನ್ನು ಮಾಡಲು ಆಗುವುದಿಲ್ಲ ಮತ್ತು ಯಾಕೆ, ಇದು ನಮ್ಮ ಕೈಮೀರಿದ್ದು ಹಾಗಾಗಿ ಮೇಲಿನವರಿಗೆ ಬರೆದಿದ್ದೇವೆ, ಹೀಗೆ ಬಿಡಿಸಿ ಹೇಳಿ. 'ಆಗುವುದಿಲ್ಲ' ಎಂಬ ಪ್ರಾಮಾಣಿಕ ಮಾತನ್ನು ಜನ ಒಪ್ಪಿಕೊಳ್ಳುತ್ತಾರೆ. ಕೇಳಿ ಸುಮ್ಮನಾಗುವುದನ್ನು ಒಪ್ಪುವುದಿಲ್ಲ. ಮುಂದಿನ ವರ್ಷ ನೀವು ಏನೇ ಕೇಳಿದರೂ ಬಾಯಿ ಬಿಡುವುದಿಲ್ಲ.

ಕೆಳಗಿನ ಹಂತದವರಿಂದ ಶುರು ಮಾಡಿ

ವಿಶ್ವವಿದ್ಯಾಲಯ ಎಂದರೆ ಎಲ್ಲರ ಮನಸ್ಸಿಗೂ ಬರುವುದು ಪ್ರಾಧ್ಯಾಪಕರು. ಸಿಬ್ಬಂದಿ ಕಲ್ಯಾಣದ ಸಮಿತಿಯಲ್ಲೂ ಅವರೇ ಜಾಸ್ತಿ. ಆದರೆ ಪ್ರಯೋಗಾಲಯ ಸಹಾಯಕರು, ಕೌಂಟರಿನಲ್ಲಿ ಕೂರುವವರು, ಹಾಸ್ಟೆಲ್ ನೋಡಿಕೊಳ್ಳುವವರು, ಭದ್ರತಾ ಸಿಬ್ಬಂದಿ, ಸ್ವಚ್ಛತಾ ಸಿಬ್ಬಂದಿ, ಸೆಮಿಸ್ಟರಿನಿಂದ ಸೆಮಿಸ್ಟರಿಗೆ ನೇಮಕವಾಗುವ ಅತಿಥಿ ಉಪನ್ಯಾಸಕರು, ಇವರೆಲ್ಲ ಇಲ್ಲದೆ ಒಂದು ದಿನವೂ ಕ್ಯಾಂಪಸ್ ನಡೆಯುವುದಿಲ್ಲ.

ಇವರ ವಿಷಯ ಯಾಕೆ ಮೊದಲು ಎಂದರೆ, 1967ರಲ್ಲಿ ಬ್ರಿಟನ್ನಿನಲ್ಲಿ ಸರ್ಕಾರಿ ನೌಕರರ ಮೇಲೆ ಶುರುವಾದ ವೈಟ್‌ಹಾಲ್ ಅಧ್ಯಯನ ಕಣ್ಣು ತೆರೆಸುವಂಥದ್ದು. ಒತ್ತಡ ಎಂದರೆ ದೊಡ್ಡ ಹುದ್ದೆಯವರ ಸಮಸ್ಯೆ ಎಂದು ಆಗ ಎಲ್ಲರೂ ಅಂದುಕೊಂಡಿದ್ದರು. ಲೆಕ್ಕ ನೋಡಿದರೆ ಉಲ್ಟಾ. ಅತಿ ಕೆಳಗಿನ ದರ್ಜೆಯ ಗಂಡಸರಲ್ಲಿ ಸಾವಿನ ಪ್ರಮಾಣ ಅತಿ ಮೇಲಿನ ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು ಇತ್ತು. 1985ರಲ್ಲಿ ಸಾರ್ವಜನಿಕ ಆರೋಗ್ಯದ ಸಂಶೋಧಕ ಮೈಕೆಲ್ ಮಾರ್ಮಟ್ ಅವರ ನೇತೃತ್ವದಲ್ಲಿ ಇನ್ನೊಂದು ಸುತ್ತು ಶುರುವಾಯಿತು. ಕೆಲಸದ ಮೇಲೆ ಹಿಡಿತ ಇಲ್ಲದಿರುವುದಕ್ಕೂ ಹೃದಯದ ಕಾಯಿಲೆಗೂ ನಂಟಿದೆ ಎಂದು ಅದರಲ್ಲಿ ಕಂಡಿತು. ರಾಬರ್ಟ್ ಕರಾಸೆಕ್ ಎಂಬ ಸಮಾಜಶಾಸ್ತ್ರಜ್ಞರು 1979ರಲ್ಲೇ ಇದನ್ನು ಬೇರೆ ರೀತಿಯಲ್ಲಿ ಹೇಳಿದ್ದರು: ಕೆಲಸ ಜಾಸ್ತಿ ಇದ್ದು, ಅದನ್ನು ಹೇಗೆ ಮಾಡಬೇಕು ಎಂದು ನಿರ್ಧರಿಸುವ ಅಧಿಕಾರ ಕಡಿಮೆ ಇದ್ದಾಗ ಮನುಷ್ಯ ಹೆಚ್ಚು ಕುಗ್ಗುತ್ತಾನೆ.

ಹಾಗಾದರೆ ಹಿಡಿತ ಕೊಡುವುದು ಹೇಗೆ? ದೊಡ್ಡ ಆದೇಶ ಏನೂ ಬೇಡ. ಪರೀಕ್ಷಾ ಕರ್ತವ್ಯದ ಪಟ್ಟಿಯನ್ನು ನೀವೇ ಬರೆದು ಹಂಚುವ ಬದಲು 'ಇಷ್ಟು ದಿನ, ಇಷ್ಟು ಕೊಠಡಿ, ನೀವೇ ಹಂಚಿಕೊಂಡು ಶುಕ್ರವಾರದೊಳಗೆ ಕೊಡಿ' ಎನ್ನಿ. ಯಾರ ಮಗುವಿಗೆ ಯಾವತ್ತು ಶಾಲೆ ಬೇಗ ಬಿಡುತ್ತದೆ, ಯಾರ ತಾಯಿಗೆ ಯಾವತ್ತು ಆಸ್ಪತ್ರೆ ಎಂದು ಅವರಿಗೆ ಗೊತ್ತಿರುತ್ತದೆ, ನಿಮಗೆ ಗೊತ್ತಿರುವುದಿಲ್ಲ. ಕೌಂಟರಿನವರಿಗೆ ದಿನಕ್ಕೆ ಒಂದು ಗಂಟೆ ಕಿಟಕಿ ಮುಚ್ಚಿ ಬಾಕಿ ಫೈಲುಗಳನ್ನು ಮುಗಿಸಲು ಬಿಡಿ, ಯಾವ ಗಂಟೆ ಎಂದು ಅವರೇ ಹೇಳಲಿ. ಲ್ಯಾಬಿನವರಿಗೆ ಒಂದು ಮಿತಿಯವರೆಗಿನ ಸಾಮಾನನ್ನು ಮೂರು ಸಹಿ ಇಲ್ಲದೆ ತರಿಸಿಕೊಳ್ಳಲು ಅನುಮತಿ ಕೊಡಿ. ಒಡೆದ ಬೀಕರಿಗೆ ಆರು ವಾರ ಕಾಯುವಾಗ ವಿದ್ಯಾರ್ಥಿಗಳ ಬೈಗುಳ ತಿನ್ನುವವರು ಅವರೇ.

ಇನ್ನು ತಾತ್ಕಾಲಿಕ ನೇಮಕಾತಿಯವರ ವಿಷಯ. ಮುಂದಿನ ಸೆಮಿಸ್ಟರಿಗೆ ಕೆಲಸ ಇದೆಯೋ ಇಲ್ಲವೋ ಎಂಬುದನ್ನು ಕೊನೆಯ ವಾರದವರೆಗೆ ಹೇಳದೇ ಇಡುವುದು ಬಹಳ ಕಡೆ ನಡೆಯುತ್ತದೆ. ಹೇಳುವ ಅಧಿಕಾರ ನಿಮಗೆ ಇಲ್ಲದಿರಬಹುದು. ಆದರೆ 'ಇಂಥ ದಿನ ನಿರ್ಧಾರ ಆಗುತ್ತದೆ, ಅವತ್ತೇ ಸಂಜೆ ನಿಮಗೆ ತಿಳಿಸುತ್ತೇನೆ' ಎಂದು ಹೇಳಿ ಹಾಗೆಯೇ ನಡೆದುಕೊಳ್ಳುವ ಅಧಿಕಾರ ಖಂಡಿತ ಇದೆ. ಮನೆ ಬಾಡಿಗೆ, ಮಕ್ಕಳ ಫೀಸು ಎಲ್ಲ ಆ ಒಂದು ಉತ್ತರದ ಮೇಲೆ ನಿಂತಿರುತ್ತದೆ. ಇವರ ಹೆಸರನ್ನು ವಿಭಾಗದ ಬೋರ್ಡಿನಲ್ಲಿ ಬರೆಸಿ, ಕೂರಲು ಮೇಜು ಕೊಡಿ, ಗ್ರಂಥಾಲಯದ ಕಾರ್ಡ್ ಕೊಡಿಸಿ, ವಿಭಾಗದ ಸಭೆಗೆ ಕರೆಯಿರಿ. ಇದಕ್ಕೆ ಹೆಚ್ಚು ಖರ್ಚೂ ಇಲ್ಲ.

ಹೊರೆಯನ್ನು ಕಾಗದದ ಮೇಲೆ ತನ್ನಿ

ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಫಲ ಕೊಡುವ ಕೆಲಸ ಇದೇ, ಹಾಗಾಗಿ ಸ್ವಲ್ಪ ಹೆಚ್ಚು ಹೇಳುತ್ತೇನೆ.

ಒಬ್ಬ ಅಧ್ಯಾಪಕರು ವಾರಕ್ಕೆ ಎಷ್ಟು ತರಗತಿ ತೆಗೆದುಕೊಳ್ಳುತ್ತಾರೆ ಎಂಬುದು ವೇಳಾಪಟ್ಟಿಯಲ್ಲಿ ಕಾಣುತ್ತದೆ. ಕಾಣದೇ ಇರುವುದು ಬೇರೆ ಇದೆ. ಶಿಫಾರಸು ಪತ್ರ ಬರೆಯುವುದು, ಅಳುತ್ತಾ ಬಂದ ವಿದ್ಯಾರ್ಥಿಯ ಜೊತೆ ಒಂದು ಗಂಟೆ ಕೂರುವುದು, ಮಾನ್ಯತೆ ಪರಿಶೀಲನೆಗೆ ಬರುವ ತಂಡಕ್ಕಾಗಿ ಐದು ವರ್ಷದ ಮಾಹಿತಿ ಹುಡುಕುವುದು, ಪ್ರವೇಶಾತಿಯ ಕೆಲಸ, ಮೇಲ್ವಿಚಾರಣೆ, ಮೌಲ್ಯಮಾಪನ, ವಿಚಾರ ಸಂಕಿರಣಕ್ಕೆ ಬಂದ ಅತಿಥಿಗಳ ವ್ಯವಸ್ಥೆ. ಇದೆಲ್ಲ ಯಾರ ಲೆಕ್ಕಕ್ಕೂ ಬರುವುದಿಲ್ಲ. ಕಚೇರಿ ಸಿಬ್ಬಂದಿಗೂ ಹಾಗೆಯೇ. ಅಧಿಕೃತವಾಗಿ ಒಂದು ಟೇಬಲ್, ವಾಸ್ತವದಲ್ಲಿ ಕಂಪ್ಯೂಟರ್ ಗೊತ್ತಿದೆ ಎಂಬ ಒಂದೇ ಕಾರಣಕ್ಕೆ ಮೂರು ಟೇಬಲ್ಲಿನ ಕೆಲಸ.

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ, ಇಲ್ಲವೇ ಎಲ್ಲರಿಗೂ ಕಾಣುವ ಸ್ಪ್ರೆಡ್‌ಶೀಟ್ ಮಾಡಿ. ಎಡಗಡೆ ಹೆಸರುಗಳು, ಮೇಲೆ ವರ್ಷವಿಡೀ ಬರುವ ಎಲ್ಲ ಕೆಲಸಗಳು. ಯಾರು ಯಾವುದನ್ನು ಮಾಡುತ್ತಿದ್ದಾರೆ, ಅಂದಾಜು ಎಷ್ಟು ಗಂಟೆ ಎಂದು ಅವರವರೇ ತುಂಬಲಿ. ಮೊದಲ ಸಲ ತುಂಬಿದಾಗ ಕೋಣೆ ನಿಶ್ಶಬ್ದವಾಗುತ್ತದೆ. ನಾನಿದ್ದ ಒಂದು ವಿಭಾಗದಲ್ಲಿ ಹನ್ನೊಂದು ಸಮಿತಿಗಳಿದ್ದವು, ಅದರಲ್ಲಿ ಏಳರಲ್ಲಿ ಒಂದೇ ಹೆಸರು. ಆ ಮೇಡಂ ಯಾವತ್ತೂ ದೂರು ಹೇಳಿದವರಲ್ಲ. ಹಾಳೆ ನೋಡುವವರೆಗೂ ನಮಗ್ಯಾರಿಗೂ ಅದು ಹೊಳೆದೇ ಇರಲಿಲ್ಲ, ಇವತ್ತಿಗೂ ಅದರ ಬಗ್ಗೆ ನನಗೆ ಬೇಸರ ಇದೆ.

ಅವರು ಹೆಣ್ಣುಮಗಳಾಗಿದ್ದದ್ದು ಕಾಕತಾಳೀಯ ಅಲ್ಲ. ಲಿಂಡಾ ಬ್ಯಾಬ್‌ಕಾಕ್ ಎಂಬ ಅರ್ಥಶಾಸ್ತ್ರಜ್ಞೆ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯವೇ ಇದು. ಬಡ್ತಿಗೆ ಉಪಯೋಗಕ್ಕೆ ಬಾರದ, ಆದರೆ ಯಾರಾದರೂ ಮಾಡಲೇಬೇಕಾದ ಕೆಲಸಗಳಿಗೆ ಹೆಂಗಸರೇ ಹೆಚ್ಚು ಮುಂದೆ ಬರುತ್ತಾರೆ, ಅವರನ್ನೇ ಹೆಚ್ಚು ಕೇಳಲಾಗುತ್ತದೆ, ಕೇಳಿದಾಗ ಒಪ್ಪಿಕೊಳ್ಳುವವರೂ ಅವರೇ ಹೆಚ್ಚು ಎಂದು ಅದರಲ್ಲಿ ಕಂಡಿತು. ಆದ್ದರಿಂದ ಸಭೆಯಲ್ಲಿ 'ಇದನ್ನು ಯಾರು ಮಾಡುತ್ತೀರಿ?' ಎಂದು ಕೇಳುವ ಅಭ್ಯಾಸ ಬಿಡಿ. ಯಾರೋ ಒಬ್ಬರು ಮುಜುಗರಕ್ಕೆ ಕೈ ಎತ್ತುತ್ತಾರೆ, ಪ್ರತಿ ಸಲವೂ ಅವರೇ ಎತ್ತುತ್ತಾರೆ. ಸರದಿ ಮಾಡಿ. ಟಿಪ್ಪಣಿ ಬರೆಯುವುದು, ವ್ಯವಸ್ಥೆ ನೋಡಿಕೊಳ್ಳುವುದು, ವರದಿ ಮಾಡುವುದು ಎಲ್ಲ ಸರದಿಯಲ್ಲಿ ಬರಲಿ, ಹಿರಿಯ ಪ್ರಾಧ್ಯಾಪಕರಿಗೂ ಬರಲಿ.

ಹಾಳೆ ತಯಾರಾದ ಮೇಲೆ ಒಂದು ನಿಯಮ ಇಟ್ಟುಕೊಳ್ಳಿ: ಹೊಸ ಕೆಲಸ ಕೊಡುವಾಗ ಹಳೆಯದೊಂದನ್ನು ತೆಗೆಯಬೇಕು. 'ಇದೊಂದು ಚಿಕ್ಕ ಕೆಲಸ ಅಷ್ಟೇ' ಎನ್ನುವ ಮೊದಲು ಅವರ ಸಾಲಿನಲ್ಲಿ ಯಾವುದನ್ನು ಅಳಿಸುತ್ತೀರಿ ಎಂದು ಹೇಳಿ. ಅಳಿಸಲು ಏನೂ ಇಲ್ಲ ಎಂದಾದರೆ ಆ ಕೆಲಸ ಅವರಿಗಲ್ಲ.

ಹಾಗೆಯೇ ಬೇಡದ ಕೆಲಸಗಳನ್ನು ಹುಡುಕಿ ಕೊಲ್ಲಿ. ಅದೇ ವಿದ್ಯಾರ್ಥಿ ಸಂಖ್ಯೆ, ಅದೇ ಪ್ರಕಟಣೆಗಳ ಪಟ್ಟಿಯನ್ನು ಒಂದು ಕಚೇರಿ ಒಂದು ನಮೂನೆಯಲ್ಲಿ ಕೇಳುತ್ತದೆ, ಮುಂದಿನ ವಾರ ಇನ್ನೊಂದು ಕಚೇರಿ ಬೇರೆ ನಮೂನೆಯಲ್ಲಿ ಕೇಳುತ್ತದೆ, ಎರಡಕ್ಕೂ 'ಇಂದು ಸಂಜೆಯೊಳಗೆ' ಎಂಬ ಗಡುವು. ಒಂದೇ ಕಡೆ ಮಾಹಿತಿ ಇಟ್ಟು ಎಲ್ಲ ಕಚೇರಿಯವರೂ ಅಲ್ಲಿಂದಲೇ ತೆಗೆದುಕೊಳ್ಳುವ ಹಾಗೆ ಮಾಡಿದರೆ ಅಧ್ಯಾಪಕರಿಗೂ ಗುಮಾಸ್ತರಿಗೂ ದಿನಗಟ್ಟಲೆ ಉಳಿಯುತ್ತದೆ. ಕುಲಸಚಿವರ ಕಚೇರಿಯಲ್ಲಿ ಇರುವವರು ಈ ಬರಹದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ ಎಂದು ಕೇಳಿಕೊಳ್ಳುತ್ತೇನೆ.

ವರ್ಷದ ಕ್ಯಾಲೆಂಡರನ್ನೂ ಒಮ್ಮೆ ಗೋಡೆಗೆ ಹಾಕಿ ನೋಡಿ. ಪ್ರವೇಶಾತಿ, ಪರೀಕ್ಷೆ, ಮೌಲ್ಯಮಾಪನ, ಸಂಶೋಧನಾ ಅನುದಾನದ ಅರ್ಜಿ, ವಾರ್ಷಿಕ ವರದಿ, ಲೆಕ್ಕಪರಿಶೋಧನೆ, ಘಟಿಕೋತ್ಸವ. ಎರಡು ಮೂರು ಒಂದೇ ತಿಂಗಳಲ್ಲಿ ಬಿದ್ದಿರುತ್ತವೆ, ಅದರಲ್ಲಿ ಒಂದನ್ನಾದರೂ ಸರಿಸಲು ಸಾಧ್ಯ ಇರುತ್ತದೆ. ಸರಿಸಲು ಆಗದ ತಿಂಗಳಿನಲ್ಲಿ ಬೇರೆ ಸಭೆಗಳನ್ನು, ತರಬೇತಿಗಳನ್ನು, ಸಮಾರಂಭಗಳನ್ನು ಇಡಬೇಡಿ. ಆ ತಿಂಗಳು ಕಳೆದ ಕೂಡಲೇ ದುಡಿದವರಿಗೆ ಪರ್ಯಾಯ ರಜೆ ಕೊಡಿ. 'ಆಮೇಲೆ ನೋಡೋಣ' ಎಂದರೆ ಆ ರಜೆ ಯಾವತ್ತೂ ಬರುವುದಿಲ್ಲ.

ರಾತ್ರಿ ಹತ್ತರ ಮೆಸೇಜು

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಾಗಿ ಒಂದು ಲೆಕ್ಕ ಕೊಟ್ಟವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ಮನೆಗೆ ಹೋಗಿ ಉತ್ತರ ಪತ್ರಿಕೆ ತಿದ್ದುವುದು, ರಜೆಯಲ್ಲಿ ಪ್ರಬಂಧ ಓದುವುದು, ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ಮಾಹಿತಿ ಕೊಡುವುದು ಇವನ್ನೆಲ್ಲ ಸೇರಿಸಿ ನಿಮ್ಮ ಜನರ ವಾರ ಎಷ್ಟು ಗಂಟೆ ಆಗುತ್ತದೆ ಎಂದು ಒಮ್ಮೆ ಕೂಡಿಸಿ ನೋಡಿ.

ಫ್ರಾನ್ಸಿನಲ್ಲಿ 50ಕ್ಕೂ ಹೆಚ್ಚು ನೌಕರರಿರುವ ಕಂಪನಿಗಳು ಕೆಲಸದ ವೇಳೆಯ ಆಚೆಗಿನ ಈಮೇಲ್, ಫೋನ್ ಬಗ್ಗೆ ನೌಕರರ ಜೊತೆ ಮಾತಾಡಿ ನಿಯಮ ಮಾಡಬೇಕೆಂಬ ಕಾನೂನು 2017ರಿಂದ ಇದೆ. ನಿಮಗೆ ಕಾನೂನು ಬೇಕಾಗಿಲ್ಲ, ಒಂದು ಪುಟದ ಒಪ್ಪಂದ ಸಾಕು. ಸಂಜೆ ಆರರಿಂದ ಬೆಳಗ್ಗೆ ಎಂಟರವರೆಗೆ ಗುಂಪಿನಲ್ಲಿ ಕೆಲಸದ ಮಾತಿಲ್ಲ. ನಿಜವಾಗಿ ತುರ್ತಾದರೆ ಫೋನ್ ಮಾಡಿ. ತುರ್ತು ಎಂದರೆ ಏನು ಎಂಬುದನ್ನೂ ಬರೆದಿಡಿ: ಯಾರಿಗಾದರೂ ಅಪಾಯ, ನಾಳೆ ಬೆಳಗಿನ ಪರೀಕ್ಷೆಗೆ ತೊಂದರೆ, ಅಷ್ಟೇ. ಹಾಜರಿ ಶೇಕಡಾವಾರು ತುರ್ತಲ್ಲ.

ಅಧ್ಯಾಪಕರಲ್ಲಿ ಅನೇಕರಿಗೆ ರಾತ್ರಿ ಹೊತ್ತೇ ಬರೆಯಲು ಇಷ್ಟ, ಅದನ್ನು ತಡೆಯಬೇಕಾಗಿಲ್ಲ. ಬರೆಯಲಿ, ಆದರೆ ಬೆಳಗ್ಗೆ ಹೋಗುವ ಹಾಗೆ ಸಮಯ ಹೊಂದಿಸಿ ಕಳಿಸಲಿ. ಮುಖ್ಯಸ್ಥರು ಇದನ್ನು ಎಲ್ಲರಿಗಿಂತ ಮೊದಲು ಪಾಲಿಸಬೇಕು. ನೀವು 'ನಾಳೆ ಉತ್ತರಿಸಿದರೂ ಸಾಕು' ಎಂದು ಬರೆದರೂ ರಾತ್ರಿ ಬಂದ ನಿಮ್ಮ ಮೆಸೇಜನ್ನು ಕಿರಿಯರು ರಾತ್ರಿಯೇ ಓದುತ್ತಾರೆ, ಓದಿದ ಮೇಲೆ ನಿದ್ದೆ ಬರುವುದಿಲ್ಲ.

ಹಗಲಿನ ಈಮೇಲಿಗೂ ಒಂದು ಉಪಾಯ ಇದೆ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 124 ಜನರಿಗೆ ಒಂದು ವಾರ ದಿನಕ್ಕೆ ಮೂರೇ ಸಲ ಈಮೇಲ್ ನೋಡಲು ಹೇಳಿದರು, ಇನ್ನೊಂದು ವಾರ ಬೇಕಾದಷ್ಟು ಸಲ. ಮೂರೇ ಸಲ ನೋಡಿದ ವಾರದಲ್ಲಿ ಒತ್ತಡ ಕಡಿಮೆ ಇತ್ತು. ಇದು ಪ್ರಕಟವಾದದ್ದು 2015ರಲ್ಲಿ. ನೀವೂ ಪ್ರಯತ್ನಿಸಿ ನೋಡಿ, ಮೂರು ಆಗದಿದ್ದರೆ ಐದು.

ಸಭೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಷಯಪಟ್ಟಿ ಇಲ್ಲದಿದ್ದರೆ ಸಭೆ ಬೇಡ, ಬರೀ ಮಾಹಿತಿ ಹೇಳಲು ಸಭೆ ಬೇಡ, ಮುಗಿಯುವ ಸಮಯಕ್ಕೆ ಮುಗಿಸಿ.

ಮಾಡಿದ ಕೆಲಸ ಎಲ್ಲಿಗೆ ತಲುಪಿತು ಎಂದು ತೋರಿಸಿ

ವಿಶ್ವವಿದ್ಯಾಲಯಕ್ಕೆ ಒಂದು ಭಾಗ್ಯ ಇದೆ, ಬೇರೆ ಬಹಳಷ್ಟು ಕಚೇರಿಗಳಿಗೆ ಇಲ್ಲ. ಇಲ್ಲಿ ಮಾಡಿದ ಕೆಲಸದಿಂದ ಒಬ್ಬರ ಬದುಕು ಬದಲಾಗುವುದನ್ನು ಕಣ್ಣಾರೆ ನೋಡಬಹುದು. ಆದರೆ ಅರ್ಜಿ ಪರಿಶೀಲಿಸಿದ ಗುಮಾಸ್ತರಿಗೆ, ವಿದ್ಯಾರ್ಥಿವೇತನದ ಫೈಲನ್ನು ಮುಂದಕ್ಕೆ ಕಳಿಸಿದವರಿಗೆ ಅದು ಕಾಣುವುದೇ ಇಲ್ಲ.

ಆ್ಯಡಮ್ ಗ್ರಾಂಟ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿದರು, 2007ರಲ್ಲಿ ಪ್ರಕಟವಾಯಿತು. ಹಳೆ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ದೇಣಿಗೆ ಕೇಳುವ ನೌಕರರಿದ್ದರು. ದಿನವಿಡೀ 'ಬೇಡ' ಎನ್ನಿಸಿಕೊಳ್ಳುವ ಕೆಲಸ. ಅವರಲ್ಲಿ ಒಂದು ಗುಂಪಿಗೆ, ಆ ದೇಣಿಗೆಯಿಂದ ಓದುತ್ತಿರುವ ಒಬ್ಬ ವಿದ್ಯಾರ್ಥಿಯನ್ನು ಕೆಲವೇ ನಿಮಿಷ ಭೇಟಿ ಮಾಡಿಸಿದರು. ಒಂದು ತಿಂಗಳ ಮೇಲೆ ನೋಡಿದರೆ ಆ ಗುಂಪು ಫೋನಿನಲ್ಲಿ ಕಳೆಯುವ ಸಮಯವೂ, ತಂದ ಹಣವೂ ಎರಡು ಪಟ್ಟಿಗಿಂತ ಜಾಸ್ತಿಯಾಗಿತ್ತು. ಭೇಟಿಯೊಂದನ್ನು ಬಿಟ್ಟರೆ ಬೇರೇನೂ ಬದಲಾಗಿರಲಿಲ್ಲ.

ಇದನ್ನು ನಾಳೆಯೇ ಮಾಡಬಹುದು. ಕೆಲಸ ಸಿಕ್ಕಿ ಹೋದ ವಿದ್ಯಾರ್ಥಿ ಪ್ರಾಧ್ಯಾಪಕರಿಗೆ ಧನ್ಯವಾದ ಹೇಳಲು ಬಂದಾಗ ಅವರನ್ನು ಕಚೇರಿಗೂ ಕರೆದುಕೊಂಡು ಹೋಗಿ. 'ಇವರ ಪ್ರಮಾಣಪತ್ರವನ್ನು ಒಂದೇ ದಿನದಲ್ಲಿ ಮಾಡಿಕೊಟ್ಟಿದ್ದು ನೀವು, ಅದರಿಂದಲೇ ಆ ಸಂದರ್ಶನ ತಪ್ಪಲಿಲ್ಲ' ಎಂದು ಎಲ್ಲರ ಎದುರು ಹೇಳಿ. ಪ್ರಯೋಗಕ್ಕೆ ನೆರವಾದ ತಂತ್ರಜ್ಞರ ಹೆಸರು ಸಂಶೋಧನಾ ಲೇಖನದಲ್ಲಿ ಇರಲಿ. ಪ್ರೌಢಪ್ರಬಂಧದ ಕೃತಜ್ಞತೆಯಲ್ಲಿ ಗ್ರಂಥಾಲಯದವರ ಹೆಸರು ಇದ್ದರೆ ಆ ಪುಟವನ್ನು ಅವರಿಗೆ ತೋರಿಸಿ. ಹೊಗಳುವಾಗ ಏನು ಮಾಡಿದರು ಎಂದು ಬಿಡಿಸಿ ಹೇಳಿ. ಬರೀ 'ಗುಡ್ ವರ್ಕ್' ಯಾರ ಮನಸ್ಸಿಗೂ ಇಳಿಯುವುದಿಲ್ಲ.

ಆದರೆ ಹೊಗಳಿಕೆಯನ್ನು ಬಡ್ತಿಯ ಬದಲಿಗೆ ಕೊಡಬೇಡಿ. ಬಡ್ತಿಗೆ ಏನು ಬೇಕು, ಯಾರು ನಿರ್ಧರಿಸುತ್ತಾರೆ, ಯಾವಾಗ, ಸಿಗದಿದ್ದರೆ ಕಾರಣ ಏನು, ಇದೆಲ್ಲ ಬರಹದಲ್ಲಿ ಇರಬೇಕು. ಸಂಶೋಧನೆಯನ್ನು ಅಳೆಯುವಾಗ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಲೇಖನಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಎಂಬ ಅಂಕಿ) ನೋಡಬೇಡಿ, ಕೆಲಸವನ್ನೇ ನೋಡಿ ಎಂದು 2012ರ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಕೇಳಿಕೊಂಡಿತ್ತು. ಪಾಠ ಮಾಡುವುದಕ್ಕೂ ವಿದ್ಯಾರ್ಥಿಗಳ ಕೈಹಿಡಿಯುವುದಕ್ಕೂ ಅಂಕ ಇದ್ದರೆ ಅದನ್ನು ಮನಸ್ಸಿಟ್ಟು ಮಾಡುವವರು ತಾವು ಮೋಸಹೋದೆವು ಎಂದುಕೊಳ್ಳುವುದಿಲ್ಲ.

ತಪ್ಪಾದಾಗ ನೀವು ಏನು ಹೇಳುತ್ತೀರಿ

ವಿಭಾಗದ ಮುಖ್ಯಸ್ಥರ ಸ್ಥಾನ ಬಹಳ ಕಡೆ ಸರದಿಯಲ್ಲಿ ಬರುತ್ತದೆ. ನಿನ್ನೆ ಪಾಠ ಮಾಡುತ್ತಿದ್ದವರು ಇವತ್ತು ಇಪ್ಪತ್ತು ಜನರ ರಜೆ, ಜಗಳ, ಕನಸು, ಭಯ ಎಲ್ಲ ನೋಡಿಕೊಳ್ಳಬೇಕು. ಯಾರೂ ಕಲಿಸಿರುವುದಿಲ್ಲ. ಹೊಸ ಮುಖ್ಯಸ್ಥರಿಗೆ ಫೈಲು ನಿಯಮಗಳ ಜೊತೆಗೆ ಜನರ ಜೊತೆ ಮಾತಾಡುವ ತರಬೇತಿಯನ್ನೂ ಕೊಡಿಸಿ. ಕಾರ್ಯಾಗಾರಕ್ಕೆ ಹಣ ಇದ್ದರೆ ಅದನ್ನು ಇಲ್ಲಿ ಹಾಕಿ.

1990ರ ದಶಕದಲ್ಲಿ ಏಮಿ ಎಡ್ಮಂಡ್ಸನ್ ಎಂಬ ಅಮೆರಿಕದ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡುತ್ತಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಅಲ್ವಾ? ಲೆಕ್ಕದಲ್ಲಿ ಜಾಸ್ತಿ ಇತ್ತು. ಆಮೇಲೆ ಕಾರಣ ಬಿಡಿಸಿಕೊಂಡಿತು. ಆ ತಂಡಗಳಲ್ಲಿ ತಪ್ಪನ್ನು ಹೇಳಿಕೊಳ್ಳಲು ಭಯ ಇರಲಿಲ್ಲ. ಉಳಿದ ಕಡೆ ತಪ್ಪು ಮುಚ್ಚಿಹೋಗುತ್ತಿತ್ತು.

ಅಂಕಗಳನ್ನು ಕಂಪ್ಯೂಟರಿಗೆ ಏರಿಸುವಾಗ ಒಬ್ಬರು ಒಂದು ಸಾಲು ತಪ್ಪಿಸಿದರು ಎಂದುಕೊಳ್ಳಿ. ಅವರು ತಾವಾಗಿಯೇ ಬಂದು ಹೇಳುತ್ತಾರೆ. ಆ ಕ್ಷಣದಲ್ಲಿ ನಿಮ್ಮ ಮೊದಲ ವಾಕ್ಯ ಏನು ಎಂಬುದರ ಮೇಲೆ ಮುಂದಿನ ಐದು ವರ್ಷ ನಿಂತಿದೆ. 'ಕಣ್ಣು ಕಾಣುವುದಿಲ್ಲವಾ' ಎಂದರೆ ಮುಂದಿನ ತಪ್ಪು ನಿಮಗೆ ವಿದ್ಯಾರ್ಥಿಯ ದೂರಿನಿಂದಲೇ ತಿಳಿಯುತ್ತದೆ. 'ಈಗಲೇ ಬಂದು ಹೇಳಿದ್ದು ಒಳ್ಳೆಯದಾಯಿತು, ಮೊದಲು ಸರಿಮಾಡೋಣ, ಆಮೇಲೆ ಹೇಗಾಯಿತು ನೋಡೋಣ' ಎನ್ನಿ. ನೋಡುವಾಗ ಮನುಷ್ಯನ ಜೊತೆ ವ್ಯವಸ್ಥೆಯನ್ನೂ ನೋಡಿ. ಒಂದೇ ಕೂರುವಿಕೆಯಲ್ಲಿ ಎಂಟುನೂರು ಅಂಕ ಏರಿಸಲು ಹೇಳಿದ್ದು ಯಾರು?

ಹೊಸ ಸಾಫ್ಟ್‌ವೇರ್ ತರುವಾಗಲೂ ಇದೇ ಮಾತು. ಅದನ್ನು ದಿನಾ ಬಳಸುವವರನ್ನು ಕೊಳ್ಳುವ ಮೊದಲೇ ಕೂರಿಸಿ ಕೇಳಿ, ಹಳೆಯದು ಹೊಸದು ಎರಡರಲ್ಲೂ ಒಟ್ಟಿಗೆ ಕೆಲಸ ಮಾಡಿಸುವ ಅವಧಿಯನ್ನು ಚಿಕ್ಕದಾಗಿಡಿ, ಪರೀಕ್ಷೆ ಹತ್ತಿರ ಇರುವಾಗ ಬದಲಾಯಿಸಲೇಬೇಡಿ.

ಒಬ್ಬರು ಕುಸಿಯುತ್ತಿದ್ದಾರೆ ಅನ್ನಿಸಿದರೆ

ಸಮಯಕ್ಕೆ ಸರಿಯಾಗಿ ಬರುತ್ತಿದ್ದವರು ತಡವಾಗಿ ಬರುತ್ತಾರೆ, ಮಾತಾಡುತ್ತಿದ್ದವರು ಸುಮ್ಮನಾಗುತ್ತಾರೆ, ಚಿಕ್ಕದಕ್ಕೆಲ್ಲ ಸಿಟ್ಟಾಗುತ್ತಾರೆ. ಬೇರೆ ಯಾರೂ ಇಲ್ಲದ ಕಡೆ ಕರೆದು ಕೇಳಿ. 'ಇತ್ತೀಚೆಗೆ ನೀವು ಮೊದಲಿನ ಹಾಗಿಲ್ಲ ಅನ್ನಿಸಿತು, ಹೇಗಿದ್ದೀರಿ?' ಅಷ್ಟೇ ಸಾಕು. ಪರಿಹಾರ ಹೇಳಲು ಅವಸರ ಮಾಡಬೇಡಿ, 'ಎಲ್ಲರಿಗೂ ಇದ್ದದ್ದೇ' ಎನ್ನಬೇಡಿ. ಕೇಳಿಸಿಕೊಂಡ ಮೇಲೆ 'ಈ ವಾರ ನಿಮ್ಮ ಮೇಜಿನಿಂದ ಏನನ್ನು ತೆಗೆಯಲಿ?' ಎಂದು ಕೇಳಿ, ತೆಗೆಯಿರಿ. ರಜೆ ಬೇಕಿದ್ದರೆ ಕಾರಣ ಕೆದಕದೆ ಕೊಡಿ. ಆಪ್ತಸಮಾಲೋಚಕರ ಬಳಿ ಹೋದ ವಿಷಯ ಮೇಲಧಿಕಾರಿಗೆ ತಲುಪುವುದಿಲ್ಲ ಎಂಬ ಖಾತ್ರಿ ಲಿಖಿತವಾಗಿ ಇರಬೇಕು, ಇಲ್ಲದಿದ್ದರೆ ಆ ಬಾಗಿಲು ಯಾರೂ ತಟ್ಟುವುದಿಲ್ಲ. ಬದುಕುವುದೇ ಬೇಡ ಎಂಬ ಮಾತು ಬಂದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಒಬ್ಬರನ್ನೇ ಬಿಡಬೇಡಿ, ಅವತ್ತೇ ವೈದ್ಯರ ಇಲ್ಲವೇ ಸಹಾಯವಾಣಿಯ ನೆರವು ತನ್ನಿ.

ಕಾರಣ ಹೊರೆಯಲ್ಲ, ಒಬ್ಬ ಮನುಷ್ಯ ಎಂದಾದರೆ ಮೇಲೆ ಹೇಳಿದ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಕಿರುಕುಳ ಕೊಡುವವರು ದೊಡ್ಡ ಅನುದಾನ ತರುವ ಪ್ರಾಧ್ಯಾಪಕರಾದರೂ ದೂರನ್ನು ಎಲ್ಲರ ದೂರಿನ ಹಾಗೆಯೇ ವಿಚಾರಿಸಬೇಕು, ದೂರು ಕೊಟ್ಟವರನ್ನು ವರ್ಗಾಯಿಸಿ ಕೈತೊಳೆದುಕೊಳ್ಳಬಾರದು. ಇಡೀ ಸಂಸ್ಥೆ ಅದನ್ನೇ ನೋಡುತ್ತಿರುತ್ತದೆ.

ಮೇಲಿನವರನ್ನು ಒಪ್ಪಿಸಲು

ಕುಲಪತಿಗಳಿಗೆ ಬರೆಯುವಾಗ ಬರೀ 'ಸಿಬ್ಬಂದಿಗೆ ಕಷ್ಟ' ಎಂದು ಬರೆದರೆ ಫೈಲು ಅಲ್ಲೇ ಕೂರುತ್ತದೆ. ನಿಮ್ಮ ಹೊರೆಯ ಹಾಳೆ, ಹೋದ ಎರಡು ವರ್ಷದಲ್ಲಿ ಬಿಟ್ಟುಹೋದವರ ಸಂಖ್ಯೆ, ವರ್ಗಾವಣೆ ಕೇಳಿದವರ ಸಂಖ್ಯೆ, ಬಳಸದೇ ಉಳಿದ ರಜೆ ಇವನ್ನು ಜೊತೆಗೆ ಇಡಿ. ವಿಶ್ವವಿದ್ಯಾಲಯಗಳು ತಮ್ಮ ಎಲ್ಲ ಆಡಳಿತ ನಿರ್ಧಾರಗಳಲ್ಲೂ ಆರೋಗ್ಯವನ್ನು ಸೇರಿಸಬೇಕು ಎಂದು 2015ರಲ್ಲಿ ಕೆನಡಾದಲ್ಲಿ ಒಕನಾಗನ್ ಸನ್ನದು ರೂಪುಗೊಂಡಿತು, ಅದನ್ನು ಹಲವು ದೇಶಗಳ ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿವೆ. ಆ ಸನ್ನದಿನ ಹೆಸರು ಹೇಳಿ. ಆಮೇಲೆ ಒಂದೇ ಒಂದು ಬೇಡಿಕೆ ಇಡಿ, ಹತ್ತು ಬೇಡ.

ಏನಾದರೂ ಬದಲಾಯಿತಾ ಎಂದು ತಿಳಿಯಲು ಅವೇ ಎರಡು ಪ್ರಶ್ನೆಗಳನ್ನು ಮತ್ತೆ ಕೇಳಿ, ಆದರೆ ಹೋದ ಸಲ ಯಾವ ತಿಂಗಳಲ್ಲಿ ಕೇಳಿದ್ದಿರೋ ಅದೇ ತಿಂಗಳಲ್ಲಿ. ರಜೆ ಮುಗಿಸಿ ಬಂದ ವಾರದಲ್ಲಿ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ. ಫಲಿತಾಂಶದ ವಾರಕ್ಕೆ ಫಲಿತಾಂಶದ ವಾರವನ್ನೇ ಹೋಲಿಸಿ, ಪರೀಕ್ಷಾ ವಿಭಾಗಕ್ಕೆ ನೀವೇ ನಡೆದುಕೊಂಡು ಹೋಗಿ, ಈ ಸಲ ಎಷ್ಟು ಭಾನುವಾರ ಕೆಲಸಕ್ಕೆ ಬಂದಿರಿ ಎಂದು ಕೇಳಿ.